ಮುಂಬೈಯ ಉಚಿತ ಕನ್ನಡ ಶಾಲೆಯ ಕಲಿಕಾ ಸಾಮಾನು: ಮಕ್ಕಳ ಕೈಗೆ ಸಿಕ್ಕಿದ್ದು, ಕಪಾಟಿನಲ್ಲೇ ಉಳಿದದ್ದು

ಮುಂಬೈ ಮಹಾನಗರ ಪಾಲಿಕೆ ಎಂಟು ಭಾಷೆಗಳಲ್ಲಿ ಉಚಿತ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಇದು ಗೊತ್ತಿಲ್ಲದ ಕನ್ನಡಿಗರು ಈ ಊರಲ್ಲೇ ಬೇಕಾದಷ್ಟು ಜನ ಇದ್ದಾರೆ. ಗೊತ್ತಿದ್ದವರೂ ಬಹಳ ಸಲ ಕೇಳುವ ಪ್ರಶ್ನೆ ಒಂದೇ: "ಅಲ್ಲಿ ಏನು ಸಿಗುತ್ತೆ ಮಕ್ಕಳಿಗೆ?" ನಾನು ಕೆಲವು ವರ್ಷಗಳಿಂದ ಬಿಡುವಾದಾಗ ಒಂದು ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಗೆ ಹೋಗಿ ಮಕ್ಕಳ ಜೊತೆ ಓದುತ್ತೇನೆ, ಲೆಕ್ಕ ಮಾಡಿಸುತ್ತೇನೆ. ಶಾಲೆಯ ಹೆಸರು ಇಲ್ಲಿ ಬೇಡ. ಅಲ್ಲಿರುವ ಪುಸ್ತಕ, ಪೇಟಿ, ಚಾರ್ಟು, ಟಿವಿ ಎಲ್ಲವನ್ನೂ ಹತ್ತಿರದಿಂದ ನೋಡಿದ್ದೇನೆ. ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಬಿಡಿಸಿ ಹೇಳುತ್ತೇನೆ.

ಮೊದಲು ನನ್ನ ಅಳತೆಗೋಲು ಯಾವುದು ಅಂತ ಹೇಳಿಬಿಡುತ್ತೇನೆ. ಈ ಶಾಲೆಯಲ್ಲಿ ಮಕ್ಕಳು ಕಡಿಮೆ. ಹೋಟೆಲು, ಬ್ಯಾಂಕು, ಆಫೀಸು ಅಂತ ನೆಲೆ ನಿಂತ ಕನ್ನಡಿಗರ ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋಗಿ ತುಂಬಾ ಕಾಲವಾಯಿತು. ಇಲ್ಲಿರುವುದು ಹೆಚ್ಚಾಗಿ ಯಾದಗಿರಿ, ಕಲಬುರಗಿ, ವಿಜಯಪುರ ಕಡೆಯಿಂದ ಬಂದು ಕಟ್ಟಡದ ಕೆಲಸ, ಮನೆಗೆಲಸ ಮಾಡುವವರ ಮಕ್ಕಳು. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ 60 ಮಕ್ಕಳವರೆಗೆ ಇಬ್ಬರು ಟೀಚರ್. ಅಂದರೆ ಮಕ್ಕಳು ಕಡಿಮೆ ಇರುವ ಕಡೆ ಒಬ್ಬ ಟೀಚರ್ ಒಂದೇ ಕೋಣೆಯಲ್ಲಿ ಎರಡು ತರಗತಿ, ಕೆಲವೊಮ್ಮೆ ಮೂರು ತರಗತಿ ನೋಡಬೇಕು. ಒಂದನೇ ತರಗತಿಗೆ ಅಕ್ಷರ ತಿದ್ದಿಸುವಾಗ ಮೂರನೇ ತರಗತಿಯವರು ಏನು ಮಾಡುತ್ತಾರೆ? ನನ್ನ ಅಳತೆ ಇದೇ. ಟೀಚರ್ ಇನ್ನೊಂದು ಸಾಲಿನ ಕಡೆ ತಿರುಗಿದಾಗ ಈ ಸಾಲಿನ ಮಗು ಸುಮ್ನೆ ಕೂರುತ್ತದೋ, ಕೈಯಲ್ಲಿರುವ ಸಾಮಾನಿನಿಂದ ತಾನೇ ಕಲಿಯುತ್ತಾ ಹೋಗುತ್ತದೋ? ಎಷ್ಟೇ ಬೆಲೆಯ ಸಾಮಾನಾಗಲಿ, ಈ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಈ ಶಾಲೆಗೆ ಅದು ಒಗ್ಗುವುದಿಲ್ಲ.

ಪಾಲಿಕೆ ಕೊಡುವ 27 ಬಗೆಯ ಉಚಿತ ಸಾಮಾನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಯೂನಿಫಾರ್ಮ್, ಬ್ಯಾಗು, ಬೂಟು, ನೋಟ್‌ಬುಕ್ಕು, ಮಳೆಗಾಲಕ್ಕೆ ಬೇಕಾದ್ದು ಎಲ್ಲ ಅದರಲ್ಲಿ ಬರುತ್ತದೆ. ಜೂನ್ ತಿಂಗಳ ಮುಂಬೈ ಮಳೆಯಲ್ಲಿ ದಿನಗೂಲಿಯ ಮನೆಗೆ ಇದು ಸಣ್ಣ ಸಹಾಯವಲ್ಲ. ಒಳ್ಳೆಯ ಯೋಜನೆ, ಮುಂದುವರಿಯಬೇಕು. ಆದರೆ ಇದು ಮಗುವನ್ನು ಶಾಲೆಯ ಬಾಗಿಲವರೆಗೆ ತರುವ ಸಾಮಾನು. ಬಾಗಿಲ ಒಳಗಿನ ಮಾತು ಬೇರೆ.

ಪಠ್ಯಪುಸ್ತಕಕ್ಕೆ ಬರೋಣ. ಮಹಾರಾಷ್ಟ್ರದಲ್ಲಿ ಪುಸ್ತಕ ಮಾಡುವುದು ಪುಣೆಯ ಬಾಲಭಾರತಿ. 1967ರಲ್ಲಿ ಶುರುವಾದ ಸಂಸ್ಥೆ. ಕನ್ನಡದಲ್ಲೂ ಪುಸ್ತಕ ಮಾಡುತ್ತದೆ, ಯಾಕೆಂದರೆ ಕರ್ನಾಟಕದ ಗಡಿಗೆ ಹತ್ತಿದ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ ಕಡೆ ಕನ್ನಡ ಶಾಲೆಗಳು ಸಾಕಷ್ಟಿವೆ. ಮುಂಬೈಯ ಮಕ್ಕಳು ಓದುವುದೂ ಅದೇ ಪುಸ್ತಕ. ನಾಲ್ಕನೇ ತರಗತಿಯಲ್ಲಿ ಶಿವಾಜಿ ಮಹಾರಾಜರ ಇತಿಹಾಸವನ್ನು ಕನ್ನಡದಲ್ಲೇ ಓದುತ್ತಾರೆ. ಪುಸ್ತಕದ ಚಿತ್ರ ಚೆನ್ನಾಗಿವೆ, ಅಕ್ಷರ ದೊಡ್ಡದು, ಚಟುವಟಿಕೆಗಳೂ ಇವೆ. ಪುಸ್ತಕ ಕಳೆದುಹೋದರೆ ಬಾಲಭಾರತಿಯ ಜಾಲತಾಣದಲ್ಲಿ ಪಿಡಿಎಫ್ ಉಚಿತವಾಗಿ ಸಿಗುತ್ತದೆ. ಇದನ್ನು ಊರಿಂದ ಬಂದ ತಾಯ್ತಂದೆಯರಿಗೆ ಯಾರೂ ಹೇಳುವುದಿಲ್ಲ, ಹಾಗಾಗಿ ನಾನು ಇಲ್ಲಿ ಹೇಳುತ್ತಿದ್ದೇನೆ.

ಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದೆ. ಸ್ಕ್ಯಾನ್ ಮಾಡಿದರೆ 2017ರಲ್ಲಿ ಬಂದ ಕೇಂದ್ರ ಸರ್ಕಾರದ ಕಲಿಕೆಯ ಆ್ಯಪ್ ದೀಕ್ಷಾ ತೆರೆದುಕೊಳ್ಳುತ್ತದೆ. ಆದರೆ ಇಲ್ಲಿನ ಮನೆಗಳಲ್ಲಿ ಇರುವುದು ಒಂದೇ ಫೋನು, ಅದು ಬೆಳಗ್ಗೆ ಅಪ್ಪನ ಜೇಬಿನಲ್ಲಿ ನಾಕಾಕ್ಕೆ, ಅಂದರೆ ಕೂಲಿಯವರು ಕೆಲಸಕ್ಕಾಗಿ ನಿಲ್ಲುವ ಜಾಗಕ್ಕೆ ಹೋಗುತ್ತದೆ, ಕತ್ತಲಾದ ಮೇಲೆ ವಾಪಸ್ ಬರುತ್ತದೆ. ಆಮೇಲೆ ಅದರಲ್ಲಿ ಊರಿಗೆ ಮಾತಾಡಬೇಕು. ಕ್ಯೂಆರ್ ಕೋಡು ಟೀಚರ್‌ಗೆ ಉಪಯೋಗ, ಮಗುವಿಗೆ ಅಷ್ಟಿಲ್ಲ.

2023ರಲ್ಲಿ ರಾಜ್ಯ ಸರ್ಕಾರ ಎರಡನೇ ತರಗತಿಯಿಂದ ಎಂಟನೇ ತರಗತಿವರೆಗಿನ ಪುಸ್ತಕದೊಳಗೇ ಖಾಲಿ ಹಾಳೆ ಸೇರಿಸಿತ್ತು, ಪುಸ್ತಕವನ್ನು ಭಾಗ ಭಾಗ ಮಾಡಿತ್ತು. ಬ್ಯಾಗಿನ ಭಾರ ಕಡಿಮೆಯಾಗಲಿ, ಬೇರೆ ನೋಟ್‌ಬುಕ್ ಬೇಡ ಅನ್ನುವ ಉದ್ದೇಶ. 2025ರಲ್ಲಿ ಅದನ್ನು ಕೈಬಿಟ್ಟರು, ಯಾಕೆಂದರೆ ಮಕ್ಕಳು ಹೇಗೂ ನೋಟ್‌ಬುಕ್ ತರುತ್ತಲೇ ಇದ್ದರು. ನನಗೆ ಅನಿಸುವುದು, ಆ ಹಾಳೆ ಖಾಲಿ ಬಿಡುವ ಬದಲು ಅದರಲ್ಲಿ ಮಗು ತಾನೇ ಮಾಡಬಹುದಾದ ಒಂದು ಕೆಲಸ ಅಚ್ಚು ಹಾಕಿದ್ದರೆ ಈ ಥರದ ಜೋಡಿ ತರಗತಿಗೆ ದೊಡ್ಡ ಉಪಕಾರವಾಗುತ್ತಿತ್ತು. ಪಠ್ಯಪುಸ್ತಕದ ನಿಜವಾದ ತೊಂದರೆ ಇರುವುದೂ ಅಲ್ಲೇ. ಒಂದು ತರಗತಿಗೆ ಒಬ್ಬ ಟೀಚರ್ ಇದ್ದು, ದಿನವಿಡೀ ಎದುರಿಗೆ ನಿಂತು ಪಾಠ ಹೇಳುತ್ತಾರೆ ಎಂದುಕೊಂಡು ಬರೆದ ಪುಸ್ತಕ ಅದು. ಟೀಚರ್ ಆ ಕಡೆ ತಿರುಗಿದ ತಕ್ಷಣ ಎರಡನೇ ತರಗತಿಯ ಮಗು ಪುಟದ ಚಿತ್ರ ನೋಡುತ್ತಾ ಕೂರುತ್ತದೆ. ಐದು ನಿಮಿಷ ಆದಮೇಲೆ ಪಕ್ಕದವನ ಪೆನ್ಸಿಲ್ ಎಳೆಯುತ್ತದೆ.

ಇನ್ನು ನನಗೆ ತುಂಬಾ ಇಷ್ಟವಾದ ಸಾಮಾನು: ಗಣಿತ ಪೇಟಿಯಲ್ಲಿರುವ, ಅಂದರೆ ಲೆಕ್ಕ ಕಲಿಸುವ ಸಾಮಾನಿನ ಪೆಟ್ಟಿಗೆಯಲ್ಲಿರುವ ಮಣಿಮಾಲೆ. ನೂರು ಮಣಿ, ಎರಡು ಬಣ್ಣ. ಹತ್ತು ಕೆಂಪು, ಹತ್ತು ಬಿಳಿ, ಮತ್ತೆ ಹತ್ತು ಕೆಂಪು, ಹೀಗೆ. ಗೋಡೆಯ ಎರಡು ಮೊಳೆಗೆ ಮಕ್ಕಳ ಕೈಗೆ ಎಟುಕುವ ಹಾಗೆ ಕಟ್ಟಿದ್ದಾರೆ. ಜೊತೆಗೆ ಬಟ್ಟೆ ಒಣಹಾಕುವ ನಾಲ್ಕು ಕ್ಲಿಪ್ಪು. ಮೂರನೇ ತರಗತಿಯ ಒಬ್ಬ ಹುಡುಗಿಗೆ 37 ತೋರಿಸು ಅಂದೆ. ಅವಳು ಮಣಿ ಮುಟ್ಟಲೇ ಇಲ್ಲ. ಕಣ್ಣಲ್ಲೇ ಮೂರು ಬಣ್ಣ ದಾಟಿ, ನಾಲ್ಕನೆಯದರಲ್ಲಿ ಏಳು ಮಣಿ ಬಿಟ್ಟು ಕ್ಲಿಪ್ ಹಾಕಿದಳು. "ಒಂದೊಂದ ಎಣಿಸ್ಲಿಲ್ಲಲ್ಲ?" ಅಂದೆ. "ಯಾಕ ಎಣಿಸ್ಬೇಕ್ರಿ ಟೀಚರ್? ಮೂರು ಬಣ್ಣ ದಾಟಿದ್ರ ಮೂವತ್ತು ಆತಲ್ರಿ" ಅಂದಳು. ಆಮೇಲೆ 37ರಿಂದ 52ಕ್ಕೆ ಎಷ್ಟು ಬೇಕು ಅಂದರೆ, ಬಣ್ಣ ಬದಲಾಗುವ ತನಕ ಮೂರು, ಮುಂದೊಂದು ಪೂರ್ತಿ ಬಣ್ಣ ಹತ್ತು, ಆಮೇಲೆ ಎರಡು, ಒಟ್ಟು ಹದಿನೈದು ಅಂತ ಬೆರಳಿಟ್ಟು ತೋರಿಸಿದಳು. ದಶಕ ಬಿಡಿ, ಸಾಲ ತೆಗೆದುಕೊಳ್ಳುವುದು, ಕೈಯಲ್ಲಿ ಇಟ್ಟುಕೊಳ್ಳುವುದು ಅಂತ ಬೋರ್ಡಿನ ಮೇಲೆ ನಾವು ಒದ್ದಾಡಿ ಹೇಳಿಕೊಡುವ ಕಳೆಯುವ ಲೆಕ್ಕವನ್ನು ಅವಳು ಮೂರು ಹೆಜ್ಜೆಯಲ್ಲಿ ಮುಗಿಸಿದ್ದಳು, ಅಷ್ಟೂ ಹೊತ್ತು ಟೀಚರ್ ಒಂದನೇ ತರಗತಿಯ ಜೊತೆ ಇದ್ದರು.

ಇದೇ ಮಕ್ಕಳಿಗೆ ಮರಾಠಿಯ ಎಣಿಕೆಯೂ ಬರಬೇಕು. ಅಲ್ಲಿ 37 ಅಂದರೆ ಏಳು ಮೊದಲು, ಮೂವತ್ತು ಆಮೇಲೆ. ಹಾಗಾಗಿ 73 ಬರೆಯುವ ಮಕ್ಕಳು ಬೇಕಾದಷ್ಟು. 2019ರಲ್ಲಿ ಬಾಲಭಾರತಿಯ ಎರಡನೇ ತರಗತಿಯ ಗಣಿತ ಪುಸ್ತಕ 21ನ್ನು 'ಏಕ್‌ವೀಸ್' ಅನ್ನುವ ಬದಲು 'ವೀಸ್ ಏಕ್' (ಇಪ್ಪತ್ತು ಒಂದು) ಅಂತಲೂ ಹೇಳಬಹುದು ಎಂದಾಗ ಮಹಾರಾಷ್ಟ್ರದಲ್ಲಿ ದೊಡ್ಡ ಚರ್ಚೆಯೇ ಆಗಿತ್ತು. ಗಣಿತ ಸಮಿತಿಯ ಮುಖ್ಯಸ್ಥೆಯಾಗಿದ್ದ ಗಣಿತಜ್ಞೆ ಮಂಗಲಾ ನಾರಳೀಕರ್ ಮಕ್ಕಳ ಕಷ್ಟ ಕಡಿಮೆ ಮಾಡಲು ಇದು ಎಂದು ವಿವರಿಸಿದ್ದರು. ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಆ ಅನುಕೂಲ ಮೊದಲೇ ಇದೆ. ಮಣಿಮಾಲೆಯ ಮೇಲೆ ಎಡದಿಂದ ಹೋದರೆ ಮೊದಲು ಮೂವತ್ತು, ಆಮೇಲೆ ಏಳು. ಕೈ, ಕಣ್ಣು, ಮಾತು ಮೂರೂ ಒಂದೇ ದಿಕ್ಕಿಗೆ ಹೋಗುತ್ತವೆ. ಲೆಕ್ಕ ಮೊದಲು ಕನ್ನಡದಲ್ಲಿ ಗಟ್ಟಿಯಾಗಲಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಪೇಟಿಯಲ್ಲಿ ಬಿಡಿ-ಹತ್ತು-ನೂರರ ಬ್ಲಾಕುಗಳಿವೆ, ಆಟದ ನೋಟುಗಳಿವೆ, ಭಿನ್ನರಾಶಿಯ ಬಿಲ್ಲೆಗಳಿವೆ. ಆಟದ ನೋಟು ಕೊಟ್ಟರೆ ಈ ಮಕ್ಕಳು ಚಿಲ್ಲರೆ ಲೆಕ್ಕದಲ್ಲಿ ನಮ್ಮನ್ನೇ ಸೋಲಿಸುತ್ತಾರೆ, ಯಾಕೆಂದರೆ ಅಂಗಡಿಗೆ ಹೋಗುವುದು ಅವರೇ. ಪೇಟಿಯ ಕೊರತೆ ಏನಪ್ಪಾ ಅಂದರೆ, ಒಂದು ಕೋಣೆಗೆ ಒಂದೇ ಮಾಲೆ, ಜೊತೆಗೆ ನಾನು ನೋಡಿದ ಪೇಟಿಯ ಕೈಪಿಡಿ ಮರಾಠಿಯಲ್ಲಿತ್ತು. ಟೀಚರ್‌ಗೆ ಮರಾಠಿ ಬರುತ್ತದೆ, ತೊಂದರೆಯಿಲ್ಲ. ಆದರೆ ದೊಡ್ಡ ಮಕ್ಕಳು ಚಿಕ್ಕವರಿಗೆ ಆಟ ಓದಿ ಹೇಳಲು ಆಗುವುದಿಲ್ಲ. ಮಾಲೆಯನ್ನು ನಾವೇ ಇನ್ನಷ್ಟು ಮಾಡಿಕೊಂಡೆವು. ಭುಲೇಶ್ವರದ ಮಣಿ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಮಣಿ ಸಿಗುತ್ತದೆ, ಗಟ್ಟಿ ನೈಲಾನ್ ದಾರ ಸಾಕು. ದಾರ ಬಿಗಿಯಾಗಿ ಕಟ್ಟಬೇಡಿ. ಮಣಿ ಸರಿಸಲು ಒಂದು ಗೇಣಾದರೂ ಜಾಗ ಉಳಿಯಬೇಕು.

ಬೇರೆ ಕೆಲವು ಶಾಲೆಗಳಲ್ಲಿ ಇದೇ ಪೇಟಿ ಬೀಗದ ಕಪಾಟಿನಲ್ಲಿ ಹೊಸದಾಗೇ ಇರುವುದನ್ನೂ ಕಂಡಿದ್ದೇನೆ. ಟೀಚರ್‌ಗಳ ಮೇಲೆ ಇದಕ್ಕೆ ಸಿಟ್ಟು ಮಾಡಿಕೊಳ್ಳಬೇಡಿ. ಡೆಡ್ ಸ್ಟಾಕ್ ರಿಜಿಸ್ಟರ್‌ನಲ್ಲಿ, ಅಂದರೆ ಶಾಲೆಯ ಸಾಮಾನಿನ ಲೆಕ್ಕದ ಪುಸ್ತಕದಲ್ಲಿ ಹತ್ತಿದ ಸಾಮಾನು ಒಂದು ಕಳೆದರೂ ಅದಕ್ಕೆ ಅವರೇ ಉತ್ತರ ಕೊಡಬೇಕು. ಹೆದರಿಕೆ ಸಹಜ. ಮಕ್ಕಳು ಬಳಸಿ ಸವೆಸುವ ಸಾಮಾನನ್ನು ಕುರ್ಚಿ ಮೇಜಿನ ಜೊತೆ ಲೆಕ್ಕ ಹಿಡಿಯುವ ಪದ್ಧತಿಯೇ ತಪ್ಪು. ಮಣಿ ಕಳೆಯಲಿ, ಬ್ಲಾಕು ಮುರಿಯಲಿ, ಅದಕ್ಕೇ ಅಲ್ವಾ ಕೊಟ್ಟಿದ್ದು?

ಟಿವಿ ಮತ್ತು ವರ್ಚುವಲ್ ಕ್ಲಾಸಿನ ಬಗ್ಗೆ ಎರಡೇ ಮಾತು. ದೂರದ ಸ್ಟುಡಿಯೋದಲ್ಲಿ ಒಬ್ಬರು ಪಾಠ ಮಾಡುತ್ತಾರೆ, ಇಲ್ಲಿ ಮಕ್ಕಳು ನೋಡುತ್ತಾರೆ. ದೊಡ್ಡ ತರಗತಿಯವರಿಗೆ ಸರಿ. ಎರಡು ತರಗತಿ ಕೂತ ಕೋಣೆಯಲ್ಲಿ ಟಿವಿ ಹಾಕಿದರೆ ಒಂದು ತರಗತಿಯ ಪಾಠಕ್ಕೆ ಇನ್ನೊಂದು ತರಗತಿ ಬಾಯಿ ಮುಚ್ಚಿಕೊಂಡು ಕೂರಬೇಕು. ನನ್ನ ಪರೀಕ್ಷೆಯಲ್ಲಿ ಇದು ಫೇಲು.

ಅದಕ್ಕಿಂತ ಪಾಟಿ ಎಷ್ಟೋ ಮೇಲು. ಹೌದು, ಅದೇ ಬಳಪದಲ್ಲಿ ಬರೆಯುವ ಹಳೇ ಪಾಟಿ. ತಪ್ಪಾದರೆ ಒರೆಸಿ ಮತ್ತೆ ಬರೆಯಬಹುದು, ಹಾಗಾಗಿ ತಪ್ಪಿನ ಭಯ ಇಲ್ಲ. ಟೀಚರ್ ಆ ಸಾಲಿನಿಂದಲೇ "ಮೂರನೇ ತರಗತಿ, ಪಾಟಿ ಎತ್ತಿ" ಅಂದರೆ ಎಲ್ಲರ ಉತ್ತರ ಒಂದೇ ನೋಟಕ್ಕೆ ಸಿಗುತ್ತದೆ, ಯಾರಿಗೆ ಬಂದಿಲ್ಲ ಅನ್ನುವುದೂ ತಿಳಿಯುತ್ತದೆ. ನೋಟ್‌ಬುಕ್ ತಿದ್ದಿ ಅದು ತಿಳಿಯಲು ಸಂಜೆಯಾಗಬೇಕು.

ಗೋಡೆಯ ಚಾರ್ಟುಗಳು ಮೂರು ಲಿಪಿಯಲ್ಲಿವೆ. ಮಹಾರಾಷ್ಟ್ರದಲ್ಲಿ 2000ದಿಂದ ಒಂದನೇ ತರಗತಿಗೇ ಇಂಗ್ಲಿಷ್ ಇದೆ, 2020ರ ಕಾಯ್ದೆಯ ನಂತರ ಎಲ್ಲ ಶಾಲೆಯಲ್ಲೂ ಮರಾಠಿ ಕಡ್ಡಾಯ. ಅಂದರೆ ಆರು ವರ್ಷದ ಮಗುವಿನ ಎದುರು ಕನ್ನಡ, ದೇವನಾಗರಿ, ಇಂಗ್ಲಿಷ್ ಮೂರೂ ಒಟ್ಟಿಗೆ. ಮಕ್ಕಳು ನಿಭಾಯಿಸುತ್ತಾರೆ, ಬೀದಿಯಲ್ಲಿ ಮರಾಠಿ, ಹಿಂದಿ ಕೇಳಿಯೇ ಬೆಳೆದವರು. ಆದರೆ ಚಾರ್ಟು ನೇತುಹಾಕಿದ್ದು ದೊಡ್ಡವರ ತಲೆಗಿಂತ ಮೇಲೆ! ಅಷ್ಟೆತ್ತರದ ಅಕ್ಷರವನ್ನು ಮಗು ಬೆರಳಿಟ್ಟು ಓದುವುದು ಹೇಗೆ? ಟೀಚರ್ ಜೊತೆ ಮಾತಾಡಿ ಕನ್ನಡದ ಕಾಗುಣಿತ ಚಾರ್ಟನ್ನು ಮಗುವಿನ ಎದೆಮಟ್ಟಕ್ಕೆ ಇಳಿಸಿದೆವು. ಖರ್ಚು ಏನೂ ಇಲ್ಲ. ಈಗ ಅದರ ಕೆಳಗಿನ ತುದಿ ಬೆರಳಿನ ಎಣ್ಣೆಗೆ ಕಪ್ಪಾಗಿದೆ, ನನಗೆ ಅದು ತುಂಬಾ ಸಮಾಧಾನ.

ಓದುವ ಪುಸ್ತಕದ ವಿಷಯದಲ್ಲಿ ನನ್ನ ಅಸಮಾಧಾನ ಜಾಸ್ತಿ. ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅದರಲ್ಲಿ ಪತ್ರಿಕೆ, ಕಥೆ ಪುಸ್ತಕ ಇರಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಬರೆದಿದೆ. ಎಲ್ಲ ಮಾಧ್ಯಮಕ್ಕೂ ಪುಸ್ತಕ ಬರುವ ಊರಲ್ಲಿ ಮಕ್ಕಳು ಕಡಿಮೆ ಇರುವ ಭಾಷೆಯ ಪಾಲು ಯಾವಾಗಲೂ ಚಿಕ್ಕದು. ನಾನು ಹೋಗುವ ಕಡೆ ಕನ್ನಡದ ಕಥೆ ಪುಸ್ತಕ ಒಂದು ಶೆಲ್ಫನ್ನೂ ತುಂಬುತ್ತಿರಲಿಲ್ಲ, ಇದ್ದವೂ ದೊಡ್ಡವರು ಓದುವಂಥವು.

ಇದಕ್ಕೆ ನಮಗೆ ಸಿಕ್ಕ ದಾರಿ ಸ್ಟೋರಿವೀವರ್. ಮಕ್ಕಳ ಪುಸ್ತಕ ಮಾಡುವ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರು ಮಾಡಿದ ಜಾಲತಾಣ. ಕನ್ನಡದಲ್ಲಿ ರಾಶಿ ರಾಶಿ ಚಿತ್ರಪುಸ್ತಕ ಇವೆ, ಎಲ್ಲ ಉಚಿತ. ಮುಕ್ತ ಪರವಾನಗಿ ಇರುವುದರಿಂದ ಇಳಿಸಿಕೊಂಡು ಪ್ರಿಂಟ್ ಹಾಕಿಸಿ ಹಂಚಬಹುದು, ಯಾರ ಅಪ್ಪಣೆಯೂ ಬೇಡ. ಕಪ್ಪುಬಿಳುಪಲ್ಲಿ ಝೆರಾಕ್ಸ್ ಮಾಡಿಸಿ ನಡುವೆ ಪಿನ್ ಹೊಡೆದರೆ ಪುಸ್ತಕ ರೆಡಿ. ಮಕ್ಕಳೇ ಬಣ್ಣ ಹಾಕಿಕೊಳ್ಳುತ್ತಾರೆ, ಬಣ್ಣ ಹಾಕುತ್ತಾ ಓದುತ್ತಾರೆ, ಮನೆಗೂ ಒಯ್ಯುತ್ತಾರೆ. ಮನೆಯಲ್ಲಿ ಓದು ಬಾರದ ಅಮ್ಮನಿಗೆ ಓದಿ ಹೇಳುವ ಮಕ್ಕಳಿದ್ದಾರೆ.

ಒಂದು ಕೊರತೆ ಮಾತ್ರ ಹೇಳಲೇಬೇಕು. ಅಲ್ಲಿ ಪುಸ್ತಕಗಳಿಗೆ ಹಂತ ಇದೆ. ಮೊದಲ ಹಂತ ಅಂದರೆ 250ಕ್ಕಿಂತ ಕಡಿಮೆ ಪದ, ಸುಲಭ ಮಾತು. ಇಂಗ್ಲಿಷಿಗೆ ಈ ಲೆಕ್ಕ ಸರಿಯಿರಬಹುದು. ಕನ್ನಡ ಓದಲು ಶುರು ಮಾಡಿದ ಮಗುವಿಗೆ ಪದ ಎಷ್ಟು ಅನ್ನುವುದಕ್ಕಿಂತ ಒತ್ತಕ್ಷರ ಎಷ್ಟು ಅನ್ನುವುದೇ ದೊಡ್ಡ ಪ್ರಶ್ನೆ. ಪುಟಕ್ಕೆ ಒಂದೇ ಸಾಲು ಇದ್ದರೂ ಅದರಲ್ಲಿ 'ಇದ್ದಕ್ಕಿದ್ದಂತೆ' ಅಂತ ಬಂದರೆ ಮಗು ಅಲ್ಲೇ ನಿಲ್ಲುತ್ತದೆ. 'ಸ್ನೇಹಿತ' ಬಂದರೆ ಬಿಟ್ಟು ಮುಂದಿನ ಪುಟಕ್ಕೆ ಹೋಗುತ್ತದೆ. ಹಾಗಾಗಿ ನಾವು ಪ್ರಿಂಟ್ ಹಾಕಿಸುವ ಮೊದಲು ಪುಸ್ತಕ ಪೂರ್ತಿ ಓದಿ ನೋಡುತ್ತೇವೆ. ಒತ್ತಿಲ್ಲದ್ದು, ಸಜಾತಿ ಒತ್ತು ಮಾತ್ರ ಇರುವುದು, ಎಲ್ಲ ಬಗೆಯ ಒತ್ತು ಇರುವುದು ಅಂತ ಮೂರು ಡಬ್ಬ. ಅಕ್ಕ, ಅಜ್ಜ, ಬೆಕ್ಕು ಓದಲು ಬಂದವರಿಗೆ ಎರಡನೇ ಡಬ್ಬ. ಡಬ್ಬ ತೆರೆದೇ ಇರುತ್ತದೆ, ಯಾರು ಬೇಕಾದರೂ ತೆಗೆಯಬಹುದು. ಮುಂದಿನ ಡಬ್ಬಕ್ಕೆ ಹೋಗಬೇಕು ಅನ್ನುವ ಆಸೆಗೇ ಓದುತ್ತಾರೆ.

ಕೊನೆಗೆ, ಇಷ್ಟರಲ್ಲಿ ನಾನು ಮೊದಲ ಸ್ಥಾನ ಕೊಡುವುದು ಕರ್ನಾಟಕದ ನಲಿ-ಕಲಿ ಕಾರ್ಡುಗಳಿಗೆ. ನಲಿ-ಕಲಿ ಅಂದರೆ ಮಕ್ಕಳು ಕಾರ್ಡು ಹಿಡಿದು ಚಟುವಟಿಕೆ ಮಾಡುತ್ತಾ ಕಲಿಯುವ ಪದ್ಧತಿ. ಇದು ಮಹಾರಾಷ್ಟ್ರದ ಪಠ್ಯಕ್ರಮದ ಭಾಗ ಅಲ್ಲ. ನಮ್ಮಲ್ಲಿಗೆ ಬಂದದ್ದು ಊರಿನ ಶಾಲೆಗಳಲ್ಲಿ ಕೆಲಸ ಮಾಡುವ ಬಂಧುಗಳ ಮೂಲಕ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿ ಶಾಲೆಯ ಪದ್ಧತಿ ನೋಡಿ ಬಂದ ಸರ್ಕಾರಿ ಟೀಚರ್‌ಗಳೇ ಯುನಿಸೆಫ್ ನೆರವಿನಿಂದ ಕಟ್ಟಿದ್ದು. 2009-10ರಿಂದ ರಾಜ್ಯದ ಕನ್ನಡ ಸರ್ಕಾರಿ ಶಾಲೆಗಳಲ್ಲೆಲ್ಲ ಬಂತು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ ಅನ್ನುವುದನ್ನು ಒಪ್ಪಿಕೊಂಡೇ ಮಾಡಿದ ಸಾಮಾನು ಇದು. ಅಷ್ಟು ಸಾಕು, ನಮ್ಮ ಶಾಲೆಗೆ ಹೇಳಿ ಮಾಡಿಸಿದ ಹಾಗಿದೆ.

ಅದರಲ್ಲಿ ಅಕ್ಷರ ಅ ಆ ಇ ಈ ಅಂತ ಶುರುವಾಗುವುದಿಲ್ಲ. ಮೊದಲಿಗೆ ರ, ಗ, ಸ, ದ, ಅ. ಇಷ್ಟು ಬಂದರೆ ಸಾಕು, ಮಗು ಸರ, ದರ, ಅಗಸ, ಅರಸ, ಗರಗಸ ಓದುತ್ತದೆ. ಶಾಲೆಗೆ ಸೇರಿದ ಕೆಲವೇ ವಾರದಲ್ಲಿ ತಾನು ಓದಿದೆ ಅನ್ನುವ ಖುಷಿ ಸಿಗುತ್ತದೆ. ಕಾರ್ಡಿನ ಮೇಲೆ ಚಿತ್ರದ ಗುರುತು ಇರುತ್ತದೆ, ಆ ಗುರುತು ಕಲಿಕಾ ಏಣಿಯಲ್ಲಿ, ಅಂದರೆ ಕಲಿಯುವ ಹೆಜ್ಜೆಗಳನ್ನು ಮೆಟ್ಟಿಲಿನ ಹಾಗೆ ತೋರಿಸುವ ಪಟದಲ್ಲಿ ಎಲ್ಲಿದೆ ಅಂತ ಮಗುವೇ ಹುಡುಕಿಕೊಳ್ಳುತ್ತದೆ. ಐದು ತಟ್ಟೆ, ಅಂದರೆ ಐದು ಗುಂಪು. ಒಂದರಲ್ಲಿ ಟೀಚರ್ ಪೂರ್ತಿ ಜೊತೆಗಿರುತ್ತಾರೆ, ಒಂದರಲ್ಲಿ ಅರ್ಧ, ಎರಡರಲ್ಲಿ ಗೆಳೆಯರು ಹೇಳಿಕೊಡುತ್ತಾರೆ, ಕೊನೆಯದರಲ್ಲಿ ಮಗು ತಾನೇ ಮಾಡುತ್ತದೆ. ಟೀಚರ್ ಆ ಕಡೆ ಹೋದಾಗ ಈ ಕಡೆ ಏನು ಅನ್ನುವ ನನ್ನ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನಾನು ಬೇರೆಲ್ಲೂ ಕಂಡಿಲ್ಲ.

ಇನ್ನೊಂದು ಕಾರಣಕ್ಕೂ ಇದು ಮುಂಬೈಗೆ ಬೇಕು. ಈ ಮಕ್ಕಳು ಊರ ಜಾತ್ರೆಗೆ, ಸುಗ್ಗಿಗೆ, ಮದುವೆಗೆ ಅಂತ ಹೋದರೆ ವಾರಗಟ್ಟಲೆ ಬರುವುದಿಲ್ಲ. ಪಠ್ಯಪುಸ್ತಕದಲ್ಲಾದರೆ ತರಗತಿ ಮುಂದೆ ಹೋಗಿರುತ್ತದೆ, ಮಗು ಹಿಂದೆ ಉಳಿಯುತ್ತದೆ, ಆಮೇಲೆ ದಡ್ಡ ಅನ್ನಿಸಿಕೊಳ್ಳುತ್ತದೆ. ಏಣಿಯಲ್ಲಿ ಹಾಗಿಲ್ಲ. ಯಾವ ಮೆಟ್ಟಿಲಲ್ಲಿ ಬಿಟ್ಟು ಹೋಗಿತ್ತೋ ಅಲ್ಲಿಂದಲೇ ಕಾರ್ಡು ತೆಗೆದುಕೊಂಡು ಕೂರುತ್ತದೆ. ಕರ್ನಾಟಕದಲ್ಲಿ ನಲಿ-ಕಲಿ ಬಗ್ಗೆ ದೂರುಗಳೂ ಇವೆ: ದಾಖಲೆ ಬರೆಯುವ ಕೆಲಸ ಜಾಸ್ತಿ, ಕಾರ್ಡು ಹರಿದರೆ ಬದಲಿ ಸಿಗುವುದು ತಡ ಅಂತ. ಆ ದೂರು ನಿಜವೇ. ಆದರೂ ನಮ್ಮ ಕೋಣೆಯ ಮಟ್ಟಿಗೆ ಇದರ ಹತ್ತಿರ ಬರುವ ಸಾಮಾನು ಬೇರೆ ಇಲ್ಲ. ಬಾಲಭಾರತಿಯ ಕನ್ನಡ ಪುಸ್ತಕದ ಪಾಠಗಳಿಗೆ ಹೊಂದುವ ಇಂಥ ಕಾರ್ಡುಗಳನ್ನು ಸೊಲ್ಲಾಪುರ, ಜತ್ ಕಡೆಯ ಅನುಭವಿ ಟೀಚರ್‌ಗಳಿಂದಲೇ ಮಾಡಿಸಿದರೆ ಆ ಶಾಲೆಗಳಿಗೂ ಮುಂಬೈ ಶಾಲೆಗಳಿಗೂ ಒಟ್ಟಿಗೆ ಉಪಯೋಗವಾಗುತ್ತದೆ.

ಈಗ ಕೊಡುವವರಿಗೆ ಒಂದು ಮಾತು. ಮುಂಬೈಯ ನಮ್ಮ ಕನ್ನಡ ಸಂಘಗಳು ಧಾರಾಳ ಮನಸ್ಸಿನವು. ಆಗಸ್ಟ್ 15ಕ್ಕೆ, ವಾರ್ಷಿಕೋತ್ಸವಕ್ಕೆ ಬ್ಯಾಗು, ನೋಟ್‌ಬುಕ್ಕು ಹಂಚುತ್ತವೆ. ಆ ಎರಡೂ ಪಾಲಿಕೆಯ 27ರಲ್ಲೇ ಇವೆ! ಅದೇ ದುಡ್ಡಿನಲ್ಲಿ ಕಥೆ ಪುಸ್ತಕ, ಮಣಿಮಾಲೆ, ಪಾಟಿ, ಕಾರ್ಡು ಕೊಡಿ. ಕೊಡುವ ಮೊದಲು ಟೀಚರ್‌ನ್ನು ಕೇಳಿ, ಯಾವ ತರಗತಿಯಲ್ಲಿ ಎಷ್ಟು ಮಕ್ಕಳು, ಯಾವ ಅಕ್ಷರದವರೆಗೆ ಬಂದಿದ್ದಾರೆ ಅಂತ. ಮಹಾರಾಷ್ಟ್ರದಲ್ಲಿ ಶಾಲೆ ಜೂನ್ ಮಧ್ಯದಲ್ಲಿ ಶುರು, ಹಾಗಾಗಿ ಮೇ ತಿಂಗಳಲ್ಲೇ ತಯಾರಿ ಮಾಡಿಟ್ಟುಕೊಂಡರೆ ಮೊದಲ ವಾರವೇ ಮಕ್ಕಳ ಕೈಗೆ ಹೋಗುತ್ತದೆ. ಕಾರ್ಡುಗಳನ್ನು ಲ್ಯಾಮಿನೇಟ್ ಮಾಡಿಸಿಯೇ ಕೊಡಿ, ಮುಂಬೈ ಮಳೆಯಲ್ಲಿ ಬರೀ ಕಾಗದ ಒಂದು ತಿಂಗಳೂ ಬಾಳುವುದಿಲ್ಲ. ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಮಾಡಿ, ಇಲ್ಲದಿದ್ದರೆ ಕೈಗೆ ಚುಚ್ಚುತ್ತದೆ. ಮತ್ತೆ, ಕೊಡುವಾಗ ಪತ್ರದಲ್ಲಿ "ಬಳಸಿ ಸವೆಸಲು ಕೊಟ್ಟದ್ದು, ವಾಪಸ್ ಲೆಕ್ಕ ಬೇಡ" ಅಂತ ಬರೆದು ಸಂಘದ ಮೊಹರು ಹಾಕಿ. ಹಾಗೆ ಬರೆದುಕೊಟ್ಟರೆ ಟೀಚರ್‌ಗೂ ಧೈರ್ಯ, ಕಪಾಟಿಗೆ ಬೀಗ ಹಾಕುವುದಿಲ್ಲ.